ಮ್ಯಾಗ್ನೆಟ್ ಇಲ್ಲದ ಮೋಟರಿನೊಡನೆ ವಾಸಾ ಊರಿಗೆ

ಬೆಟಗೇರಿ

ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ದೇಶ ಬಿಟ್ಟು ಹೋದದ್ದು ಒಂದು ಮೋಟರಿನ ದೆಸೆಯಿಂದ. ಬೇರೆಯವರು ವಿದೇಶಕ್ಕೆ ಹೋಗುವಾಗ ಉಪ್ಪಿನಕಾಯಿ ಒಯ್ಯುತ್ತಾರೆ. ನಾನು ಇಪ್ಪತ್ತೆರಡು ಕಿಲೋ ಕಬ್ಬಿಣ, ತಾಮ್ರವನ್ನು ಹಳೆಯ ಕೌದಿಯಲ್ಲಿ ಸುತ್ತಿಕೊಂಡು ಹೊರಟೆ. ಉಪ್ಪಿನಕಾಯಿಯೂ ಇತ್ತೆನ್ನಿ, ಅದು ಜೊತೆಗೆ ಬಂದ ಇಮಾಮಕಾಕಾರ ಚೀಲದಲ್ಲಿತ್ತು.

ನಾನು ವಿಜಯಲಕ್ಷ್ಮಿ, ಲಕ್ಷ್ಮೇಶ್ವರದ ಒಂದು ಪಾಲಿಟೆಕ್ನಿಕ್‌ನಲ್ಲಿ ವಿದ್ಯುತ್ ಯಂತ್ರಗಳ ಪಾಠ ಹೇಳುವವಳು. ಹುಟ್ಟಿದ್ದು ಬೆಟಗೇರಿಯ ನೇಕಾರರ ಓಣಿಯಲ್ಲಿ. ಅವ್ವ ಇವತ್ತಿಗೂ ಮಗ್ಗದ ಮೇಲೆ ಕೂಡುತ್ತಾಳೆ. ಓಣಿಯ ತುದಿಗೆ ಇಮಾಮಸಾಬರ ಅಂಗಡಿ. ಸುಟ್ಟ ಪಂಪ್‌ಸೆಟ್ಟೋ ಗಿರಣಿಯ ಮೋಟರೋ, ಏನು ತಂದು ಹಾಕಿದರೂ ಹಳೆಯ ತಂತಿ ಕಿತ್ತು ಹೊಸದು ಸುತ್ತಿ ಕೊಡುವುದು ಅವರ ಕಸುಬು. ಅರವತ್ತು ದಾಟಿದೆ, ಕನ್ನಡಕ ಹಣೆಯ ಮೇಲೇ ಇರುತ್ತದೆ, ಕೆಲಸವೆಲ್ಲ ಬೆರಳಿನಿಂದ ಮತ್ತು ಮೂಗಿನಿಂದ. ಲಂಗ ಹಾಕುತ್ತಿದ್ದ ಕಾಲದಿಂದ ಅವರ ಅಂಗಡಿಯ ಕಟ್ಟೆಯೇ ನನ್ನ ಮೊದಲ ಪ್ರಯೋಗಶಾಲೆ. ಅವರಿಗೆ ನಾನು ವಿಜವ್ವ, ನನಗೆ ಅವರು ಇಮಾಮಕಾಕಾ.

ನಾವಿಬ್ಬರು ಕೂಡಿ ಎರಡು ವರ್ಷ ತಲೆ ಕೆಡಿಸಿಕೊಂಡು ಮಾಡಿದ್ದು ಮ್ಯಾಗ್ನೆಟ್ ಇಲ್ಲದ ಮೋಟರು. ಈಗ ಓಡಾಡುವ ವಿದ್ಯುತ್ ಗಾಡಿಗಳ ಪೈಕಿ ಬಹಳಷ್ಟರ ಮೋಟರಿನೊಳಗೆ ಬಲವಾದ ಮ್ಯಾಗ್ನೆಟ್ ಇರುತ್ತದೆ. ಅದು ಬಹುಮಟ್ಟಿಗೆ ಒಂದೇ ದೇಶದಿಂದ ಬರಬೇಕು. ಅವರು ಕೈ ಬಿಗಿ ಹಿಡಿದ ದಿನ ನಮ್ಮ ಗಾಡಿ ನಿಂತಲ್ಲೇ ನಿಲ್ಲುತ್ತದೆ. ನಮ್ಮ ಮೋಟರಿನಲ್ಲಿ ತಿರುಗುವ ಭಾಗ ಬರೀ ಕಬ್ಬಿಣ, ಹಲ್ಲು ಹಲ್ಲಾಗಿ ಕತ್ತರಿಸಿದ್ದು. ಸುತ್ತಲೂ ತಾಮ್ರದ ಸುರುಳಿಗಳು. ಒಂದು ಸುರುಳಿಗೆ ಕರೆಂಟು ಕೊಟ್ಟರೆ ಕಬ್ಬಿಣದ ಹಲ್ಲು ಅದರ ಕಡೆಗೆ ಹೊರಳುತ್ತದೆ. ಅದು ಎದುರಿಗೆ ಬಂದು ನಿಲ್ಲುವ ಮೊದಲೇ ಆ ಸುರುಳಿಯನ್ನು ಆರಿಸಿ ಮುಂದಿನದಕ್ಕೆ ಕೊಡಬೇಕು. ಮೇವಿನ ಸಿವುಡನ್ನು ಮುಂದೆ ಮುಂದೆ ಹಿಡಿದು ಎತ್ತನ್ನು ನಡೆಸಿದ ಹಾಗೆ. ಈ ಜಾತಿಯ ಮೋಟರಿಗೆ ನಡುಗುವ, ಗುರುಗುಟ್ಟುವ ಕೆಟ್ಟ ಚಾಳಿ. ಹಲ್ಲಿನ ತುದಿಯನ್ನು ಎಷ್ಟು ಓರೆ ಮಾಡಿದರೆ ಆ ಚಾಳಿ ಬಿಡುತ್ತದೆ ಎಂದು ಹುಡುಕುವುದರಲ್ಲೇ ನನ್ನ ಒಂದೂವರೆ ವರ್ಷ ಹೋಯಿತು. ಕೊನೆಗೆ ಒಂದು ಹಳೆಯ ಮೂರು ಗಾಲಿಯ ಗಾಡಿಗೆ ಅದನ್ನು ಕೂಡಿಸಿ, ಹಿಂದೆ ಐದು ಚೀಲ ಉಳ್ಳಾಗಡ್ಡಿ ಹೇರಿ, ಶಿರಹಟ್ಟಿ ದಾರಿಯ ಏರು ಹತ್ತಿಸಿದೆವು. ಹತ್ತಿತು. ಅವತ್ತು ನಾನು ಗಾಡಿಯಿಂದ ಇಳಿದು ರಸ್ತೆಯ ಮೇಲೆ ಕುಣಿದದ್ದನ್ನು ನೋಡಿದವರು ಇನ್ನೂ ಇದ್ದಾರೆ.

ಹುಲಕೋಟಿ ಸೀಮೆಯ ಹನ್ನೆರಡು ಮಂದಿ ರೈತರು ಕೂಡಿ ತಲೆಗೊಂದರಂತೆ ಇಂಥ ಗಾಡಿ ಕಟ್ಟಿಸಿಕೊಳ್ಳಲು ಹೊರಟಿದ್ದರು. ಅವರಿಗೆ ಹಿರಿಯರು ಬಸನಗೌಡರು. ಮ್ಯಾಗ್ನೆಟ್ ಮೋಟರು ಮಾರುವ ಹೊರಗಿನವರೂ ಅವರ ಬೆನ್ನು ಬಿದ್ದಿದ್ದರು. ಗೌಡರು ನಮ್ಮಿಬ್ಬರನ್ನು ಕೂಡಿಸಿಕೊಂಡು ಹೇಳಿದರು:

"ಅಕ್ಕೋರ, ನಿಮ್ಮ ಮೋಟರ ಚಲೋ ಐತಿ ಅಂತ ನೀವ ಹೇಳಿದ್ರ ಹೆಂಗ? ಮೂರನೇದವರು ಯಾರರ ಹೇಳಬೇಕು. ಆ ಮ್ಯಾಗ್ನೆಟ್ ಮಂದಿಗೆ ಸೋಮವಾರ ಹೂಂ ಇಲ್ಲಾಂದ್ರ ಉಹೂಂ ಅಂತ ತಿಳಸಬೇಕು. ಅಷ್ಟರೊಳಗ ಕಾಗದಾ ತಗೊಂಡ ಬರ್ರಿ."

ಆ ಮೂರನೆಯವರು ಫಿನ್ಲೆಂಡಿನ ವಾಸಾ ಎಂಬ ಊರಿನಲ್ಲಿದ್ದರು. ಅಲ್ಲಿನ ಪರೀಕ್ಷಾಲಯದ ಮರ್ಯಾ ಎಂಬಾಕೆ ಓರೆ ಹಲ್ಲಿನ ಮೇಲೆ ನಾನು ಬರೆದ ಲೇಖನ ಓದಿ, ತನ್ನ ಯಂತ್ರ ಎರಡು ದಿನ ಖಾಲಿ ಇದೆ, ಗುರುವಾರ ಮತ್ತು ಶುಕ್ರವಾರ, ತಂದರೆ ಪರೀಕ್ಷಿಸುತ್ತೇನೆ ಎಂದು ಬರೆದಿದ್ದಳು. ಪೂರ್ತಿ ಭಾರ ಹೊತ್ತು ನಾಲ್ಕು ತಾಸು ಓಡಬೇಕು, ಒಳಗಿನ ಕಾವು ನೂರಾ ಐವತ್ತೈದು ಡಿಗ್ರಿ ದಾಟಬಾರದು. ಪಾಸಾದರೆ ಹನ್ನೆರಡು ಗಾಡಿ ನಮ್ಮವು. ಇಲ್ಲದಿದ್ದರೆ ನಮ್ಮ ಮೋಟರು ಇಮಾಮಕಾಕಾರ ಅಂಗಡಿಯ ಮೂಲೆಯಲ್ಲಿ ಒಂದು ಕುತೂಹಲದ ವಸ್ತುವಾಗಿ ಉಳಿಯುತ್ತದೆ.

ಹೊರಡುವ ಹಿಂದಿನ ದಿನದ ಗಡಿಬಿಡಿ ಹೇಳತೀರದು. ಒಂದು ಸುರುಳಿಯ ತುದಿ ಮುರಿದು, ಮೋಟರಿನ ಒಂದು ಬದಿಯಲ್ಲಿ ಸುರುಳಿಗಳನ್ನು ಬಿಗಿದಿದ್ದ ದಾರದ ಕಟ್ಟುಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅರ್ಧಕ್ಕೆ ದಾರ ತೀರಿತು. ನಾನು ಓಡಿಹೋಗಿ ಅವ್ವನ ಮಗ್ಗದ ಹತ್ತಿರವಿದ್ದ ಒಂದು ಲಡಿ ನೂಲು ತಂದು ಕೊಟ್ಟೆ. ಕಾಕಾ ಕಟ್ಟಿದರು, ವಾರ್ನಿಷ್ ಹಚ್ಚಿದರು, ಬಿಸಿಲಿಗೆ ಇಟ್ಟರು. ಕರೆಂಟಿನ ಸೋರಿಕೆ ನೋಡುವ ಮೆಗ್ಗರ್ ಹಚ್ಚಿ ನೋಡಿದರೆ ಮುಳ್ಳು ಕೊನೆಯ ತನಕ ಹೋಗಿ ನಿಂತಿತು. ಕರೆಂಟು ಎಲ್ಲೂ ಸೋರುವುದಿಲ್ಲ ಎಂದು ಅದರ ಅರ್ಥ. ಕೌದಿ ಸುತ್ತಿ ಹೊರಟೇಬಿಟ್ಟೆವು.

ಬೆಂಗಳೂರು ವಿಮಾನ ನಿಲ್ದಾಣ

ವಿಮಾನದಲ್ಲಿ ಬಲವಾದ ಮ್ಯಾಗ್ನೆಟ್ಟನ್ನು ಸುಮ್ಮನೆ ಒಯ್ಯುವಂತಿಲ್ಲ, ಅದು ದಿಕ್ಸೂಚಿಯನ್ನು ಕೆಡಿಸುತ್ತದೆಂಬ ಭಯ. ನಮ್ಮ ಕೌದಿ ಬಿಚ್ಚಿಸಿದ ಅಧಿಕಾರಿ ಮೋಟರನ್ನು ನೋಡಿದ್ದೇ ಕೈಕಟ್ಟಿ ನಿಂತರು.

"ಮೋಟರ್ ಅಂದಮೇಲೆ ಮ್ಯಾಗ್ನೆಟ್ ಇರಲೇಬೇಕಲ್ಲ ಮೇಡಂ."

ಈ ಒಂದು ಪ್ರಶ್ನೆಗಾಗಿ ನಾನು ಎರಡು ವರ್ಷದಿಂದ ಕಾದಿದ್ದೆ. ಉತ್ಸಾಹದಿಂದ ಪಾಠ ಶುರು ಮಾಡಿದೆ. ಮೂರನೆಯ ವಾಕ್ಯಕ್ಕೆ ಅವರ ಕಣ್ಣು ಮಂಜಾಯಿತು, ನಮ್ಮ ಹಿಂದಿನ ಸಾಲು ಬೆಳೆಯಿತು. ಇಮಾಮಕಾಕಾ ನನ್ನನ್ನು ಪಕ್ಕಕ್ಕೆ ಸರಿಸಿ, ಅಂಗಿಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು ಮೋಟರಿನ ಮೈತುಂಬ ಆಡಿಸಿದರು. ಎಲ್ಲಿಯೂ ಅಂಟಲಿಲ್ಲ.

"ನೋಡ್ರಿ ಸಾಹೇಬ್ರ, ಹತ್ತಂಗಿಲ್ಲ. ಕರೆಂಟ್ ಕೊಟ್ಟಾಗಷ್ಟ ಎಳೀತೈತಿ. ಉಳದ ಹೊತ್ತು ಸಾಧು ಐತಿ."

ಅಧಿಕಾರಿ ನಕ್ಕು ಚೀಟಿ ಅಂಟಿಸಿದರು. ಹದಿನೈದು ವರ್ಷ ಪಾಠ ಹೇಳಿದ ನನಗಿಂತ ಒಂದು ಪಿನ್ನು ಚೆನ್ನಾಗಿ ಪಾಠ ಹೇಳಿತು. ಇದನ್ನು ಕಾಕಾ ವಿಮಾನ ಇಳಿಯುವ ತನಕ ಎರಡು ಸಲ ನೆನಪಿಸಿದರು.

ವಾಸಾದ ರೈಲು

ಹೆಲ್ಸಿಂಕಿಯಿಂದ ವಾಸಾಕ್ಕೆ ರೈಲು. ಡಬ್ಬಿಯ ತುಂಬ ಜನ, ಆದರೆ ಒಂದು ಕೆಮ್ಮೂ ಕೇಳಿಸದು. ನಮ್ಮ ಗದಗ-ಹುಬ್ಬಳ್ಳಿ ಗಾಡಿಯಲ್ಲಿ ಅಣ್ಣಿಗೇರಿ ಬರುವಷ್ಟರಲ್ಲಿ ಎದುರಿಗೆ ಕೂತವರ ಮಗಳ ಮದುವೆ, ಅಳಿಯನ ಸ್ವಭಾವ, ಮೊಣಕಾಲು ನೋವು ಎಲ್ಲ ನಮಗೆ ಗೊತ್ತಾಗಿರುತ್ತದೆ. ಇಲ್ಲಿ ಎದುರಿಗೆ ಕೂತ ನಡುವಯಸ್ಸಿನ ಮನುಷ್ಯ ಕಿಟಕಿಯನ್ನೇ ನೋಡುತ್ತಿದ್ದ.

ಕಾಕಾ ರೊಟ್ಟಿ ಗಂಟು ಬಿಚ್ಚಿದರು. ಎದುರಿನವರಿಗೆ ಕೊಡದೆ ತಿನ್ನುವುದು ಅವರಿಂದಾಗದ ಮಾತು. ಒಂದು ಖಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿ ಉದುರಿಸಿ ಆತನ ಮುಂದೆ ಹಿಡಿದರು. ಆತ ರೊಟ್ಟಿಯನ್ನು ನೋಡಿದ, ಕಾಕಾರನ್ನು ನೋಡಿದ, ತೆಗೆದುಕೊಂಡು ತಿಂದ. ಒಂದು ಮಾತಿಲ್ಲ. ಮುಖದ ಗೆರೆಯೂ ಅಲುಗಲಿಲ್ಲ.

"ಖಾರ ಆತೋ ಏನೋ ಪಾಪ," ಎಂದು ಕಾಕಾ ಒದ್ದಾಡಿದರು.

ಒಂದು ತಾಸು ಕಳೆದು ಟಾಂಪೆರೆ ಎಂಬ ಊರು ಬಂತು. ಆತ ಕೋಟು ತೊಟ್ಟು, ಚೀಲ ಹೆಗಲಿಗೇರಿಸಿ, ನಮ್ಮ ಮುಂದೆ ನಿಂತು ಇಂಗ್ಲಿಷಿನಲ್ಲಿ ಹೇಳಿದ: "ಅದು ರುಚಿಯಾಗಿತ್ತು." ಹೇಳಿ ಇಳಿದುಹೋದ. ಒಂದು ತಾಸು ವಿಚಾರ ಮಾಡಿ ಹೇಳಿದ ಮಾತು ಸುಳ್ಳಿರಲಾರದು ಎಂದು ಕಾಕಾರಿಗೆ ಬಹಳ ಸಂತೋಷವಾಯಿತು.

ಮುಂದೆ ಕಾಡು ಸರಿದು ಬಯಲು ತೆರೆಯಿತು. ಉತ್ತು ಬಿಟ್ಟ ಕಪ್ಪು ಹೊಲಗಳು ಕಣ್ಣು ಹಾಯುವ ತನಕ. ನಾನು ಹಿಮದ ಗುಡ್ಡ ನಿರೀಕ್ಷಿಸಿದ್ದೆ, ನೋಡಿದರೆ ನಮ್ಮ ಎರೆ ಸೀಮೆ.

"ವಿಜವ್ವ, ಇದು ಮುಂಡರಗಿ ದಾರಿ ಇದ್ದಂಗ ಐತಲಾ," ಅಂದರು ಕಾಕಾ. "ಸೂರ್ಯಾ ಒಬ್ಬವ ರಜಾ ಹಾಕ್ಯಾನ."

ಅಕ್ಟೋಬರ್ ತಿಂಗಳ ಸಣ್ಣ ಮಳೆ ಕಿಟಕಿಗೆ ಹತ್ತಿತ್ತು. ಮುಂದೆ ಐದು ದಿನ ಅದು ಬಿಡಲಿಲ್ಲ.

ವಾಸಾ, ಬುಧವಾರ

ಊರಿನ ಫಲಕಗಳೆಲ್ಲ ಎರಡು ಭಾಷೆಯಲ್ಲಿವೆ, ಫಿನ್ನಿಶ್ ಮತ್ತು ಸ್ವೀಡಿಶ್. ಅಂಗಡಿಯಾಕೆ ಒಂದರಲ್ಲಿ ಶುರು ಮಾಡಿ ಇನ್ನೊಂದರಲ್ಲಿ ಮುಗಿಸುತ್ತಾಳೆ. ಕನ್ನಡದಲ್ಲಿ ಕರೆದು ಉರ್ದುವಿನಲ್ಲಿ ಬೈದು ಮರಾಠಿಯಲ್ಲಿ ಲೆಕ್ಕ ಹೇಳುವ ಗದಗಿನ ಪೇಟೆಯವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಅಚ್ಚರಿ ಬಸ್ ನಿಲ್ದಾಣದಲ್ಲಿತ್ತು. ಐದು ಜನ ಬಸ್ಸಿಗೆ ಕಾಯುತ್ತಿದ್ದರೆ ಒಬ್ಬರಿಂದೊಬ್ಬರಿಗೆ ಎರಡು ಮಾರು ಅಂತರ. ಮಳೆ ಬಂದರೂ ಸೂರಿನಡಿ ಕೂಡಿಕೊಳ್ಳುವುದಿಲ್ಲ. ಕಾಕಾ ರೂಢಿಯ ಮೇಲೆ ಒಬ್ಬ ಅಜ್ಜನ ಪಕ್ಕ ಹೋಗಿ ನಿಂತರು. ಅಜ್ಜ ಒಂದು ಹೆಜ್ಜೆ ಸರಿದ. ಇವರು ಸೌಜನ್ಯಕ್ಕೆ ಇನ್ನೊಂದು ಹೆಜ್ಜೆ ಹತ್ತಿರವಾದರು. ಬಸ್ಸು ಬರುವಷ್ಟರಲ್ಲಿ ಇಬ್ಬರೂ ನಿಲ್ದಾಣದಿಂದ ಹೊರಗೆ ಬಂದು ಮಳೆಯಲ್ಲಿ ನಿಂತಿದ್ದರು.

ನಾವು ಇಳಿದುಕೊಂಡ ವಸತಿಗೃಹದಲ್ಲಿ ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಇಷ್ಟಕ್ಕೆ ಕಾಕಾ ಆ ದೇಶದವರನ್ನು ಪೂರ್ತಿ ಒಪ್ಪಿಕೊಂಡುಬಿಟ್ಟರು. ನೆಲಮಾಳಿಗೆಯಲ್ಲಿ ಸೌನಾ ಎಂಬ ಕಟ್ಟಿಗೆಯ ಕೋಣೆ. ವಿದ್ಯುತ್ ಒಲೆಯ ಮೇಲೆ ಕಲ್ಲು ಕಾಯಿಸಿ, ಜನ ಒಳಗೆ ಕೂತು ಬೆವರುತ್ತಾರೆ. ಕಾಕಾ ಬಾಗಿಲು ತೆರೆದು, ಗೋಡೆಯ ಮೇಲಿನ ಉಷ್ಣಮಾಪಕದಲ್ಲಿ ತೊಂಬತ್ತು ಡಿಗ್ರಿ ನೋಡಿ, ಗೋಡೆ ಬಡಿದು ಪರೀಕ್ಷೆ ಮಾಡಿದರು.

"ಇದು ಮೋಟರ ಒಣಗಿಸೋ ಖೋಲಿ ಇದ್ದಂಗ ಐತಿ. ಇದರೊಳಗ ಮನಷ್ಯಾ ಯಾಕ ಕುಂಡ್ರತಾನ?"

ಮಧ್ಯಾಹ್ನ ಪರೀಕ್ಷಾಲಯದಲ್ಲಿ ಮರ್ಯಾ ಸಿಕ್ಕಳು. ಐವತ್ತರ ಆಸುಪಾಸು, ಗಿಡ್ಡ ಕೂದಲು, ಉಣ್ಣೆಯ ಕಾಲುಚೀಲದ ಮೇಲೆ ಚಪ್ಪಲಿ. ಹೌದು ಎನ್ನಬೇಕಾದರೆ ಮಾತಾಡುವ ಬದಲು ಉಸಿರನ್ನು ಸುಯ್ಯೆಂದು ಒಳಗೆಳೆದುಕೊಳ್ಳುತ್ತಿದ್ದಳು. "ಪಾಪ, ಉಬ್ಬಸ ಐತೇನು?" ಎಂದು ಕಾಕಾ ನನ್ನ ಕಿವಿಯಲ್ಲಿ ಕೇಳಿದರು. ಅಲ್ಲಿ ಹೌದೆನ್ನುವ ರೀತಿಯೇ ಅದು ಎಂದು ತಿಳಿದಮೇಲೆ ಅವರೂ ಹಾಗೇ ಎಳೆದುಕೊಳ್ಳತೊಡಗಿದರು.

ಆಕೆ ನಮಗೆ ಗಾಳಿಯಂತ್ರದ ಒಂದು ಜನರೇಟರ್ ತೋರಿಸಿದಳು. ಆಳೆತ್ತರ, ಅದರಲ್ಲೂ ಮ್ಯಾಗ್ನೆಟ್ ಇಲ್ಲ. ತಿರುಗುವ ಭಾಗದ ಮೇಲೂ ತಾಮ್ರ ಸುತ್ತಿ, ಅದಕ್ಕೆ ಹೊರಗಿನಿಂದ ಕರೆಂಟು ಕೊಡುತ್ತಾರೆ.  ನಾವು ಬೆಟಗೇರಿಯ ಕಟ್ಟೆಯ ಮೇಲೆ ಕೂತು ಯಾವ ಗಂಟನ್ನು ಬಿಡಿಸುತ್ತಿದ್ದೆವೋ ಅದೇ ಗಂಟನ್ನು ಜಗತ್ತಿನ ಈ ತುದಿಯಲ್ಲಿ ಇನ್ನೊಬ್ಬಳು ಇನ್ನೊಂದು ಬದಿಯಿಂದ ಬಿಡಿಸುತ್ತಿದ್ದಾಳೆ. ಮುಂಡರಗಿ ಕಡೆಯ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳ ಹೊಟ್ಟೆಯಲ್ಲಿ ಏನಿದೆ ಎಂದು ಕಾಕಾ ಕೇಳಿದರು. ಕೆಲವುಗಳಲ್ಲಿ ಮ್ಯಾಗ್ನೆಟ್ ಇರಬಹುದು ಎಂದಳು ಮರ್ಯಾ.

"ಹಂಗಾರ ಮುಂದ ಭಾಳ ಕೆಲಸಾ ಐತಿ," ಅಂದರು ಕಾಕಾ.

ಗುರುವಾರ

ಯಂತ್ರಕ್ಕೆ ಏರಿಸುವ ಮೊದಲು ಮರ್ಯಾ ಮೆಗ್ಗರ್ ಹಚ್ಚಿದಳು. ಊರಲ್ಲಿ ಮುಳ್ಳು ಕೊನೆಯ ತನಕ ಹೋಗಿತ್ತು, ಇಲ್ಲಿ ಆಕೆಯ ಮೆಗ್ಗರಿನ ಸಂಖ್ಯೆ ಮೇಲೇಳಲೇ ಇಲ್ಲ. ಮತ್ತೆ ಹಚ್ಚಿದಳು. ಮೂರನೆಯ ಸಲ ಹಚ್ಚಿದಾಗ ಇನ್ನೂ ಇಳಿದಿತ್ತು.

"ಕರೆಂಟು ಸೋರುತ್ತಿದೆ. ಇದನ್ನು ನಾನು ಏರಿಸಲಾರೆ," ಎಂದು ತಂತಿಗಳನ್ನು ಕಳಚಿ ಮಡಚಿಟ್ಟಳು. ಸಿಟ್ಟಿಲ್ಲ, ಕನಿಕರವೂ ಇಲ್ಲ.  ನಾನು ನಕ್ಷೆ ಹರಡಿಕೊಂಡು ಎಲ್ಲಿ ತಪ್ಪಿದೆ ಎಂದು ಲೆಕ್ಕ ಹಾಕತೊಡಗಿದೆ. ಕಾಕಾ ನಕ್ಷೆಯತ್ತ ತಿರುಗಿಯೂ ನೋಡಲಿಲ್ಲ. ಮೋಟರಿನ ಬಾಯಿ ತೆರೆದು, ಸುರುಳಿಗಳ ಮೇಲಿನ ಕಟ್ಟುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ಚಾಕುವಿನಿಂದ ಒಂದು ಗಂಟು ಕತ್ತರಿಸಿ, ವಾರ್ನಿಷ್ ಸಿಪ್ಪೆ ಸುಲಿದು, ಒಳಗಿನ ನೂಲನ್ನು ನಾಲಿಗೆಯ ತುದಿಗೆ ಇಟ್ಟುಕೊಂಡರು. ಮರ್ಯಾ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು.

"ಗಂಜಿ," ಅಂದರು ಕಾಕಾ.

ನನಗೆ ಆ ಕ್ಷಣ ಎಲ್ಲ ತಿಳಿಯಿತು. ನಾನು ತಂದುಕೊಟ್ಟದ್ದು ಹಾಸಿನ ನೂಲು, ಬಟ್ಟೆಯ ಉದ್ದಕ್ಕೆ ಹಾಯುವ ಎಳೆ. ಮಗ್ಗಕ್ಕೆ ಏರಿಸುವ ಮೊದಲು ಎಳೆ ಕಡಿಯದಿರಲೆಂದು ಅದಕ್ಕೆ ಗಂಜಿ ಉಣಿಸಿರುತ್ತಾರೆ. ಗಂಜಿ ಕುಡಿದ ನೂಲಿನೊಳಕ್ಕೆ ವಾರ್ನಿಷ್ ಇಳಿಯಲಿಲ್ಲ, ಮೇಲೆ ಮೇಲೆ ಒಣಗಿತು. ಗದಗಿನ ಒಣ ಹವೆಯಲ್ಲಿ ಅದು ಸುಮ್ಮನಿತ್ತು. ಈ ಮಳೆ ನಾಡಿಗೆ ಬಂದದ್ದೇ ಗಂಜಿ ಹಸಿ ಕುಡಿದು ಕರೆಂಟಿಗೆ ದಾರಿ ಮಾಡಿಕೊಟ್ಟಿತು. ಪಂಪಿನ ಮನೆಯವನೋ ಗಿರಣಿಯವನೋ ಈ ತಪ್ಪು ಮಾಡಿದ್ದರೆ ಕ್ಷಮಿಸಬಹುದು. ಗಂಜಿಯ ವಾಸನೆಯಲ್ಲೇ ಬೆಳೆದ ನೇಕಾರರ ಮಗಳಾದ ನಾನೇ ಮಾಡಿದ್ದೆ.

ಮರ್ಯಾ ತುಂಬಿಕೊಡಬೇಕಾದ ಒಂದು ನಮೂನೆ ಕಾಗದ ತೆಗೆದಳು. ಮೋಟರು ಕೆಟ್ಟದ್ದು ಯಾಕೆ, ಅದಕ್ಕೆ ಹೊಣೆ ಯಾರು, ಎರಡನ್ನೂ ಬರೆಯಬೇಕಿತ್ತು.

"ನನ್ನ ಹೆಸರು ಹಾಕು," ಅಂದರು ಕಾಕಾ. "ಕಟ್ಟಿದ ಕೈ ನಂದು. ಕೈಗೆ ಗೊತ್ತಾಗಬೇಕಾಗಿತ್ತು."

"ಕೊಟ್ಟಾಕಿ ನಾನು, ಕಾಕಾ."

"ನೀ ಕಾಲೇಜಿನಾಕಿ ಅದೀ ವಿಜವ್ವ. ನಾಳೆ ಮಂದಿ ನಿನಗ ಮಾತಾಡ್ತಾರ. ನನಗೇನ ಆಗೂದೈತಿ?"

ಆ ಮಾತಿಗೆ ನನಗೆ ಅಳು ಬಂತು. ಅಳುತ್ತಲೇ ನನ್ನ ಹೆಸರು ಬರೆದೆ. ಹೊಣೆಯಾದವರೆಂದು ಬರೆದ ಮೇಲೆ ಕಾಯುತ್ತಿರುವವರಿಗೆ ಹೇಳದಿರುವುದು ಸರಿಯಲ್ಲ ಎನ್ನಿಸಿ, ಮೊಗಸಾಲೆಗೆ ಬಂದು ಬಸನಗೌಡರಿಗೆ ಫೋನ್ ಮಾಡಿದೆ.

"ಗೌಡ್ರ, ಮೋಟರ ಪರೀಕ್ಷಾಕ್ಕ ಏರಲಿಲ್ರಿ. ನಾ ಕೊಟ್ಟ ನೂಲಿನ್ಯಾಗ ಗಂಜಿ ಇತ್ತು, ಹಸಿ ಹಿಡದೈತಿ. ತಪ್ಪು ನಂದು. ಬಿಚ್ಚಿ ಮತ್ತ ಕಟ್ಟತೇವಿ, ಆದ್ರ ಸೋಮವಾರದೊಳಗ ಆಗತೈತೋ ಇಲ್ಲೋ ಹೇಳಾಕ ಬರಂಗಿಲ್ಲ."

ಗೌಡರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹೌದಾ," ಅಂದರು. "ಆತು ಬಿಡ್ರಿ ಅಕ್ಕೋರ. ಊಟಾ ಮಾಡ್ರಿ." ಫೋನ್ ಇಟ್ಟರು.

ಊಟ ಮಾಡಿರಿ ಎಂದರೆ ಕೆಲಸ ಮುಗಿಯಿತು, ಮನೆಗೆ ಬನ್ನಿ ಎಂದೇ ಅರ್ಥ ಎಂದುಕೊಂಡೆ. ಕಾಕಾ ಮಾತ್ರ ಅಷ್ಟರಲ್ಲಿ ಕತ್ತರಿ ಹಿಡಿದು ಆ ಬದಿಯ ಕಟ್ಟುಗಳನ್ನೆಲ್ಲ ಕತ್ತರಿಸಿ ಹಾಕಿದ್ದರು. ಈಗ ಮೋಟರು ಒಣಗಬೇಕು. ಪರೀಕ್ಷಾಲಯದ ಒಲೆಯಲ್ಲಿ ಬೇರೆಯವರ ಯಂತ್ರವಿತ್ತು, ಮರುದಿನ ಮಧ್ಯಾಹ್ನದ ತನಕ ತೆಗೆಯುವಂತಿಲ್ಲ. ಊರಲ್ಲಾದರೆ ಕಾಕಾ ತಗಡಿನ ಪೆಟ್ಟಿಗೆಯೊಳಗೆ ನಾಲ್ಕು ಬಲ್ಬು ಹಚ್ಚಿ ಒಣಗಿಸುತ್ತಾರೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಒಂದೇ ಖೋಲಿ ನೆನಪಾಗಿತ್ತು.

ಸೌನಾದಲ್ಲಿ ಮೋಟರು ಇಡಬಹುದೇ ಎಂದು ನಾನು ತೊದಲುತ್ತ ಕೇಳಿದೆ. ಮರ್ಯಾ ನಗುತ್ತಾಳೆ, ಇಲ್ಲವೇ ಪೊಲೀಸರನ್ನು ಕರೆಯುತ್ತಾಳೆ ಎಂದುಕೊಂಡಿದ್ದೆ. ಆಕೆ ಗಂಭೀರವಾಗಿ ವಿಚಾರ ಮಾಡಿದಳು. ತನ್ನ ಅಜ್ಜಿಯ ಕಾಲದಲ್ಲಿ ಸೌನಾದೊಳಗೆ ಅಗಸೆ ನಾರು ಒಣಗಿಸುತ್ತಿದ್ದರು, ಮಾಂಸಕ್ಕೆ ಹೊಗೆ ಕೊಡುತ್ತಿದ್ದರು, ಮೋಟರು ಯಾಕಾಗಬಾರದು ಎಂದಳು. ವಸತಿಗೃಹ ನೋಡಿಕೊಳ್ಳುವ ಮುದುಕಿಗೆ ಫೋನ್ ಮಾಡಿದಳು. ಮುದುಕಿ ಕೇಳಿದ್ದು ಒಂದೇ ಪ್ರಶ್ನೆ: ಅದನ್ನು ತೊಳೆದಿದ್ದಾರೆಯೇ?

ನಾವು ಒರೆಸಿ, ಒಯ್ದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮೋಟರನ್ನು ಇಳಿಸಿದೆವು. ಅಲ್ಲಿ ಯಾರೂ ಬರೀ ಹಲಗೆಯ ಮೇಲೆ ಕೂಡುವಂತಿಲ್ಲ, ಕೆಳಗೆ ಬಟ್ಟೆ ಹಾಕಿಕೊಳ್ಳಬೇಕು. ಮುದುಕಿ ಮೋಟರಿಗೂ ಒಂದು ಸಣ್ಣ ಬಿಳಿ ಟವೆಲ್ ತಂದು ಹಾಸಿಕೊಟ್ಟಳು. ಉಗಿ ಏಳಲೆಂದು ಕಾದ ಕಲ್ಲಿನ ಮೇಲೆ ನೀರು ಸುರಿಯುವುದು ಅಲ್ಲಿನ ರೂಢಿ, ಇವತ್ತೊಂದು ದಿನ ಸುರಿಯಬೇಡಿ ಎಂದು ನಾವು ಕೈಮುಗಿದು ಕೇಳಿಕೊಂಡೆವು. ಮೋಟರು ಮೇಲಿನ ಹಲಗೆಯ ಮೇಲೆ ಯಜಮಾನನ ಹಾಗೆ ಕೂತಿತು. ನಾವಿಬ್ಬರು ಗಾಜಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಉಪ್ಪಿನಕಾಯಿ ಹಚ್ಚಿಕೊಂಡು ರೊಟ್ಟಿ ತಿಂದೆವು. ಅರ್ಧ ತಾಸಿಗೊಮ್ಮೆ ಕಾಕಾ ಒಳಗೆ ಹೋಗಿ ಸುರುಳಿ ಮುಟ್ಟಿ ಬರುತ್ತಿದ್ದರು.

"ಮೋಟರಗಿಂತ ಮೊದಲ ನಾ ಒಣಗತೇನಿ," ಎಂದು ಬೆವರು ಒರೆಸಿಕೊಂಡರು. ಬೆಳಿಗ್ಗೆ ಅತ್ತವಳು ಸಂಜೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಶುಕ್ರವಾರ

ಬೆಳಿಗ್ಗೆ ಮೆಗ್ಗರ್ ಹಚ್ಚಿದರೆ ಸಂಖ್ಯೆ ಮೇಲಕ್ಕೆ ಓಡಿತು. ಮರ್ಯಾ ಉಸಿರು ಒಳಗೆಳೆದುಕೊಂಡಳು. ಕಾಕಾರೂ ಎಳೆದುಕೊಂಡರು.

ಪರೀಕ್ಷಾಲಯದ ದಾರ ಕೊಟ್ಟರು, ಹಸಿ ಕುಡಿಯದಂಥದ್ದು. ಕಾಕಾ ಕಟ್ಟಲು ಕೂತರು. ಅವರ ಗಂಟು ವಿಶೇಷ. ಎರಡು ಸುತ್ತು, ಒಂದು ಕೆಳಗಿನಿಂದ ಎಳೆತ, ಪ್ರತಿ ಗಂಟೂ ಹಿಂದಿನದನ್ನು ಬಿಗಿಯುತ್ತ ಹೋಗುತ್ತದೆ. ನಾಲ್ಕನೆಯ ಗಂಟಿಗೆ ಮರ್ಯಾ ತನ್ನ ಸ್ಟೂಲು ಹತ್ತಿರ ಎಳೆದುಕೊಂಡಳು. ಹತ್ತನೆಯ ಗಂಟಿಗೆ, ತಾನೊಂದು ಕಟ್ಟಲೇ ಎಂದು ಕೇಳಿದಳು. ಬಸ್ ನಿಲ್ದಾಣದಲ್ಲಿ ಎರಡು ಮಾರು ದೂರ ನಿಲ್ಲುವ ದೇಶದವಳು ಕಾಕಾರ ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು.

"ಹಂಗಲ್ಲವಾ, ಕೆಳಗಿಂದ ಎಳಿ. ಹಾಂ, ಈಗ ಖರೆ," ಎಂದು ಕಾಕಾ ಕನ್ನಡದಲ್ಲೇ ಹೇಳುತ್ತಿದ್ದರು. ನಾನು ಅನುವಾದಕ್ಕೆ ಬಾಯಿ ತೆರೆಯುವ ಮೊದಲೇ ಆಕೆ ಎಳೆದಿರುತ್ತಿದ್ದಳು.

ಮಧ್ಯಾಹ್ನ ನಮಾಜಿಗೆ ಎಲ್ಲಾದರೂ ಜಾಗ ಸಿಕ್ಕೀತೇ ಎಂದು ಕಾಕಾ ಕೇಳಿದರು. ಮರ್ಯಾ ತನ್ನ ಕೋಣೆ ಖಾಲಿ ಮಾಡಿ, ನೆಲಕ್ಕೆ ಹೊಸ ರಟ್ಟು ಹಾಸಿಕೊಟ್ಟಳು. ಊರಲ್ಲಿ ಪಶ್ಚಿಮಕ್ಕೆ ಮುಖ ಮಾಡುವವರು ಇಲ್ಲಿ ದಕ್ಷಿಣಕ್ಕೆ, ಚೂರು ಪೂರ್ವಕ್ಕೆ ವಾಲಿ ನಿಲ್ಲಬೇಕಾಯಿತು. ಭೂಮಿ ದುಂಡಗಿದೆ ಎಂದು ತಮಗೆ ಅವತ್ತು ಪೂರಾ ಖಾತ್ರಿಯಾಯಿತು ಎಂದರು ಕಾಕಾ.

ವಾರ್ನಿಷ್‌ನಲ್ಲಿ ಅದ್ದಿದ ಮೋಟರು ಸಂಜೆಗೆ ಒಲೆ ಸೇರಿತು. ಶನಿವಾರ ಬೆಳಿಗ್ಗೆಗೆ ಹದವಾಗುತ್ತದೆ. ಆದರೆ ಶನಿವಾರ ಅಲ್ಲಿ ಯಾರೂ ಕೆಲಸಕ್ಕೆ ಬರುವುದಿಲ್ಲ. ಮರ್ಯಾ ಚಳಿಗಾಲಕ್ಕೆ ಮೊದಲು ದೋಣಿಯನ್ನು ದಡಕ್ಕೆ ಎಳೆಯಲು ಸಮುದ್ರದ ಬದಿಯ ತನ್ನ ಗುಡಿಸಲಿಗೆ ಹೋಗುವವಳಿದ್ದಳು. ಮೇಲಾಗಿ ಯಂತ್ರ ತಿರುಗುವಾಗ ಒಳಗೆ ತರಬೇತಿ ಪಡೆದ ಇಬ್ಬರಿರಬೇಕೆಂಬ ಕಟ್ಟಳೆ. ನಾನು ಏನೂ ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಆಕೆ ಕಾಕಾರ ಗಂಟುಗಳ ಚಿತ್ರ ತೆಗೆದುಕೊಳ್ಳುತ್ತ ಹೇಳಿದಳು:

"ನಾಳೆ ಎಂಟಕ್ಕೆ ಬನ್ನಿ. ಎರಡನೆಯ ಮನುಷ್ಯನನ್ನು ತಯಾರು ಮಾಡಬೇಕು."

ಶನಿವಾರ

ಎರಡನೆಯ ಮನುಷ್ಯ ನಾನೆಂದುಕೊಂಡಿದ್ದೆ. ಮರ್ಯಾ ಬೆರಳು ಮಾಡಿದ್ದು ಕಾಕಾರ ಕಡೆಗೆ. "ನೀವು ಪರದೆ ನೋಡುತ್ತೀರಿ, ಲೆಕ್ಕ ಹಾಕುತ್ತೀರಿ. ಇವರು ಮೋಟರು ನೋಡುತ್ತಾರೆ." ಒಂದು ತಾಸು ಪಾಠವಾಯಿತು. ಕಾಕಾರ ಕೊರಳಿಗೆ ಒಂದು ಕಾರ್ಡು ಬಿತ್ತು, ಕೈಯ ಕೆಳಗೆ ಒಂದು ಕೆಂಪು ಗುಂಡಿ. ಒತ್ತಿದರೆ ಎಲ್ಲ ನಿಲ್ಲುತ್ತದೆ, ಪರೀಕ್ಷೆಯೂ ಮುಗಿದಂತೆ. ಅಲ್ಲಿನ ಕಟ್ಟಳೆ ಏನೆಂದರೆ, ಗುಂಡಿಯ ಮೇಲೆ ಯಾರ ಕೈ ಇದೆಯೋ ಅವರದೇ ಕೊನೆಯ ಮಾತು. ಒತ್ತಿದರೆ ಯಾಕೆ ಒತ್ತಿದಿರಿ ಎಂದು ಯಾರೂ ಕೇಳುವಂತಿಲ್ಲ. ಒತ್ತದಿದ್ದರೆ ಒತ್ತಿರೆಂದು ಯಾರೂ ಹೇಳುವಂತಿಲ್ಲ, ಮುಖ್ಯಸ್ಥರೂ ಕೂಡ.

ಒಂಬತ್ತಕ್ಕೆ ಮೋಟರು ತಿರುಗಿತು. ಎಂಥ ಸದ್ದು ಅದು, ಗುರುಗುಟ್ಟಲಿಲ್ಲ, ಮಗ್ಗುಲ ಮನೆಯಲ್ಲಿ ಗಿರಣಿ ನಡೆದ ಹಾಗೆ ಒಂದೇ ಸಮನೆ. ನನ್ನ ಓರೆ ಹಲ್ಲುಗಳು ಕೆಲಸ ಮಾಡುತ್ತಿದ್ದವು. ಪೂರ್ತಿ ಭಾರ ಹೇರಿದರು. ಮೊದಲ ತಾಸು ಕಾವು ನೂರಾ ಹದಿನೆಂಟು. ಎರಡನೆಯ ತಾಸು ನೂರಾ ಮೂವತ್ತೊಂದು. ನಾನು ಪರದೆಯ ಮೇಲಿನ ಗೆರೆಯನ್ನು ಕಣ್ಣಿನಿಂದಲೇ ಕೆಳಗೆ ಒತ್ತುತ್ತಿದ್ದೆ.

ಮೂರನೆಯ ತಾಸಿಗೆ ವಾಸನೆ ಬಂತು. ಮೂಗಿಗೆ ಚುಚ್ಚುವ, ಗಂಟಲು ಹಿಡಿಯುವ ವಾಸನೆ. ಮರ್ಯಾ ಎದ್ದು ನಿಂತಳು. ಅವಳ ಮುಖ ಮೊದಲ ಬಾರಿ ಬದಲಾಯಿತು. ಮೋಟರು ಸುಟ್ಟರೆ ಅವಳ ಯಂತ್ರಕ್ಕೂ ಪೆಟ್ಟು. 

"ಕಾಕಾ, ಸುಡಾಕತ್ತೈತೇನ್ರಿ?"

ಕಾಕಾ ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ, ಒತ್ತಲೂ ಇಲ್ಲ. ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡರು. ಇನ್ನೊಂದು ಎಳೆದುಕೊಂಡರು.

"ವಾರ್ನಿಷ್ ಇದು," ಅಂದರು. "ಹೊಸಾದು ಪೂರಾ ಕಾದಾಗ ಒಮ್ಮೆ ಹಿಂಗ ಬಿಡತೈತಿ. ಸುಡೋ ವಾಸನಿ ಬ್ಯಾರೆ, ಅದು ಸಿಹಿ ಇರತೈತಿ, ಬೆಲ್ಲ ಕರಕಾದಂಗ. ಇದರಾಗ ಸಿಹಿ ಇಲ್ಲ. ಓಡಲಿ."

ನಾನು ಅದನ್ನು ಮರ್ಯಾಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಮರ್ಯಾ ಗುಂಡಿಯನ್ನು ನೋಡಿದಳು, ಅದರ ಮೇಲಿನ ತಾಮ್ರದ ಕಲೆಯ ಬೆರಳುಗಳನ್ನು ನೋಡಿದಳು. ಆಕೆ ಒಂದು ಮಾತು ಅಂದಿದ್ದರೆ ಕಾಕಾ ಒತ್ತುತ್ತಿದ್ದರೋ ಏನೋ. ಕಟ್ಟಳೆ ಕಟ್ಟಳೆಯೇ. ಆಕೆ ಹಿಂದೆ ಸರಿದು ಕೂತಳು. ಹತ್ತು ನಿಮಿಷ ಕಳೆಯಿತು. ಆಮೇಲೆ ವಾಸನೆ ತೆಳ್ಳಗಾಯಿತು, ಮಾಯವಾಯಿತು. ಗೆರೆ ನೂರಾ ನಲವತ್ಮೂರಕ್ಕೆ ಬಂದು ಮಲಗಿತು. ಮತ್ತೆ ಏರಲಿಲ್ಲ.

ನಾಲ್ಕು ತಾಸು ತುಂಬಿದಾಗ ಮರ್ಯಾ ಭಾರ ಇಳಿಸಿ, ಮೋಟರು ನಿಂತಮೇಲೆ, "ಪಾಸಾಯಿತು," ಎಂದಳು, ನಮ್ಮಲ್ಲಿ ಹಾಲು ಉಕ್ಕಿತು ಅನ್ನುವಷ್ಟೇ ಸಾದಾ ದನಿಯಲ್ಲಿ. ನಾನು ಅವಳನ್ನು ಅಪ್ಪಿಕೊಂಡುಬಿಟ್ಟೆ. ಅವಳು ಕಂಬದಂತೆ ನಿಂತಳು, ಸ್ವಲ್ಪ ಹೊತ್ತಿಗೆ ಎರಡು ಬೆರಳಿನಿಂದ ನನ್ನ ಬೆನ್ನು ತಟ್ಟಿದಳು. ಕಾಕಾರ ಬೆರಳುಗಳು ಗುಂಡಿಯ ಮೇಲೆ ಹಾಗೆಯೇ ಮರಗಟ್ಟಿದ್ದವು. ಒಂದೊಂದಾಗಿ ಬಿಡಿಸಿಕೊಂಡರು.

ಅಲ್ಲಿಂದಲೇ ಗೌಡರಿಗೆ ಫೋನ್ ಹಚ್ಚಿದೆ. ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟೆ. 

"ಗೌಡ್ರ, ಪಾಸಾತ್ರಿ. ನಾಕ ತಾಸು ಓಡೇತಿ. ಕಾಗದಾ ಇವತ್ತ ಕಳಸತೇನಿ. ಸೋಮವಾರ ಆ ಮಂದಿಗೆ ಹೂಂ ಅನಬ್ಯಾಡ್ರಿ, ನಿಮ್ಮ ಕಾಲ ಹಿಡಕೋತೇನಿ."

"ಆ ಮಂದಿಗೆ ನಾ ಗುರುವಾರನ ಉಹೂಂ ಅಂದಬಿಟ್ಟೀನ್ರಿ ಅಕ್ಕೋರ."

ನನಗೆ ಅರ್ಥವಾಗಲಿಲ್ಲ. ಗುರುವಾರ ನಮ್ಮ ಮೋಟರು ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಗುರುವಾರ ಯಾವಾಗ ಎಂದು ಕೇಳಿದೆ.

"ನಿಮ್ಮ ಫೋನ್ ಇಟ್ಟ ಮ್ಯಾಲ. ನೋಡ್ರಿ, ಮೋಟರ ಅಂದ ಮ್ಯಾಲ ಒಂದಿಲ್ಲೊಂದ ದಿನಾ ಕೆಡೂದ. ಆ ಮಂದಿಗೆ ನಾ ಮೂರ ಸರ್ತೆ ಕೇಳಿದ್ದೆ, ಕೆಟ್ರ ಹೆಂಗ ಅಂತ. ಕೆಡಂಗೇ ಇಲ್ಲ ಅಂತಾರ. ನೀವು ಕೆಟ್ಟ ತಾಸಿನ್ಯಾಗ ಫೋನ್ ಮಾಡಿ, ಇಂಥಾದ್ದರಿಂದ ಕೆಟ್ಟೈತಿ, ತಪ್ಪು ನಂದು ಅಂದ್ರಿ. ಹೊಲದಾಗ ನಿಂತಾಗ ನಮಗ ಬೇಕಾದವರು ಅಂಥವರ."

ಕಾಕಾ ಫೋನಿನತ್ತ ಬಾಗಿದರು. "ಗೌಡ್ರ, ಇದನ್ನ ಗುರುವಾರನ ಹೇಳಿದ್ರ ಆಗತಿರಲಿಲ್ಲೇನು? ನಾಕ ತಾಸು ಗುಂಡಿ ಮ್ಯಾಲ ಕೈ ಇಟ್ಟ ನನ್ನ ಜೀಂವಾ ಅರ್ಧಾ ಆಗೇತಿ."

"ಹೇಳಿದ್ರ ನೀವು ಕೆಲಸಾ ಸಡಲ ಬಿಡತಿದ್ರಿ ಇಮಾಮಸಾಬ್ರ," ಅಂದರು ಗೌಡರು. "ಗಾಡಿ ಓಡಸವರು ನಮ್ಮ ಮನಿ ಮಂದಿ. ಪಾಸ್ ಆಗೂದೂ ಬೇಕಾಗಿತ್ತು."

ನಾನು ಮರ್ಯಾಳಿಗೆ ಪೂರ್ತಿ ಬಿಡಿಸಿ ಹೇಳಿದೆ.  ಕಾಕಾ ಕೊರಳಿನ ಕಾರ್ಡನ್ನು ಸರಿಸಿ ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡರು. ಮರ್ಯಾ ಎಲ್ಲ ಕೇಳಿ ಉಸಿರು ಒಳಗೆಳೆದುಕೊಂಡಳು. ಮೇಜಿನ ಖಾನೆಯಿಂದ, ತಪ್ಪಿಗೆ ಹೊಣೆಯೆಂದು ನನ್ನ ಹೆಸರಿದ್ದ ಗುರುವಾರದ ಆ ನಮೂನೆ ಕಾಗದ ತೆಗೆದು, ಪಾಸಾದ ವರದಿಯ ಹಿಂದೆ ಸೇರಿಸಿ ಪಿನ್ನು ಚುಚ್ಚಿ, ಎರಡನ್ನೂ ಒಟ್ಟಿಗೆ ನನ್ನ ಕೈಗೆ ಕೊಟ್ಟಳು.